'ಅಮಾನತು' ಅನ್ನೋಣವೋ, 'ಡಿಬಾರ್' ಅನ್ನೋಣವೋ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಡ್ರಗ್ ಟೆಸ್ಟ್ ಹೇಗೆ ನಡೆಯುತ್ತದೆ, ಟೆಸ್ಟ್‌ನಲ್ಲಿ ಫೇಲಾದ ಹುಡುಗರಿಗೆ ಏನಾಗುತ್ತದೆ ಅಂತ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ಕೈ ನಿಂತಿದೆ. ಮುಖ್ಯವಾಗಿ 'ಅಮಾನತು'. ಸಸ್ಪೆಂಡ್ ಅನ್ನುವುದು ಎಲ್ಲಿ ಬಂದರೂ ನಾವು ಅಮಾನತು ಅಂತ ಬರೆದು ಮುಂದೆ ಹೋಗುತ್ತೇವೆ. ಇಲ್ಲಿ ಅದು ಓದುಗನಿಗೆ ತಪ್ಪು ಅರ್ಥ ಕೊಡುತ್ತದೆ ಅನ್ನುವುದು ನನ್ನ ವಾದ.

ಅಮಾನತು ಅರಬ್ಬಿ ಮೂಲದ ಮಾತು. ನಂಬಿ ಒಬ್ಬರ ಕೈಯಲ್ಲಿ ಇಟ್ಟದ್ದು, ಠೇವಣಿ ಅನ್ನುವ ಅರ್ಥ. 'ಅಮಾನತಿನಲ್ಲಿಡು' ಅಂದಾಗಲೂ ನಮಗೆ ಹೊಳೆಯುವುದು ಅದೇ: ತೀರ್ಮಾನ ಆಗುವ ತನಕ ಎತ್ತಿಡು. ನೌಕರ ಅಮಾನತಾದ ಅಂದರೆ ವಿಚಾರಣೆ ಬಾಕಿ ಇದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವನಿಗೆ ಜೀವನಾಧಾರ ಭತ್ಯೆ ಬರುತ್ತಿರುತ್ತದೆ. ತಪ್ಪಿಲ್ಲ ಅಂತಾದರೆ ಅದೇ ಕುರ್ಚಿಗೆ ಮರಳುತ್ತಾನೆ. ಸರ್ಕಾರಿ ನೌಕರಿಯ ಲೆಕ್ಕದಲ್ಲಿ ಇಂಥ ಅಮಾನತು ಶಿಕ್ಷೆಯೇ ಅಲ್ಲ.

ಕಾಲೇಜು ಫುಟ್‌ಬಾಲ್‌ನಲ್ಲಿ ಆಗುವುದು ಬೇರೆ. ಅಲ್ಲಿ ಆಟಗಾರನಿಗೆ ಸಿಗುವುದೇ ಐದು ವರ್ಷದೊಳಗೆ ನಾಲ್ಕು ಸೀಸನ್. ದೇಹದ ಬಲ ಹೆಚ್ಚಿಸುವ ನಿಷೇಧಿತ ಮದ್ದು, ಅಲ್ಲಿನ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ನಡೆಸುವ ಪರೀಕ್ಷೆಯಲ್ಲಿ ಮೊದಲ ಸಲ ಖಚಿತವಾದರೆ ಒಂದು ವರ್ಷ ಆಡುವಂತಿಲ್ಲ. ಜೊತೆಗೆ ಆ ನಾಲ್ಕರಲ್ಲಿ ಒಂದು ಸೀಸನ್ ಅವನ ಲೆಕ್ಕದಿಂದ ಹೋಗುತ್ತದೆ. ಎರಡನೇ ಸಲವಾದರೆ ಉಳಿದದ್ದೆಲ್ಲ ಹೋಗುತ್ತದೆ. ಎತ್ತಿಟ್ಟು ಆಮೇಲೆ ವಾಪಸ್ ಕೊಡುವ ಮಾತೇ ಇಲ್ಲ. ಕಳೆದ ಸೀಸನ್ ಕಳೆದಂತೆಯೇ.

ವಿಲ್ ಗ್ರಿಯರ್ ಅವರದ್ದನ್ನೇ ನೋಡಿ. 2015ರ ಅಕ್ಟೋಬರ್‌ನಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡ ಆಡಿದ 6 ಪಂದ್ಯಗಳಲ್ಲಿ ಆರನ್ನೂ ಗೆದ್ದಿತ್ತು. ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಆಕ್ರಮಣ ನಡೆಸುವ ಆಟಗಾರ ಆಗಿದ್ದ ಗ್ರಿಯರ್‌ಗೆ ಅದು ಆಡಿದ ಮೊದಲ ಸೀಸನ್. ಹಿಂದಿನ ವರ್ಷ ರೆಡ್‌ಶರ್ಟ್ ಆಗಿದ್ದರು, ಅಂದರೆ ತಂಡದ ಜೊತೆ ಅಭ್ಯಾಸ ಮಾಡುತ್ತಾ ಪಂದ್ಯ ಆಡದೆ ಸೀಸನ್ ಉಳಿಸಿಕೊಂಡಿದ್ದರು. ಅಷ್ಟರಲ್ಲಿ ಪರೀಕ್ಷೆಯ ಫಲಿತಾಂಶ ಬಂತು. ಅಂಗಡಿಯಲ್ಲಿ ಮಾಮೂಲಾಗಿ ಸಿಗುವ ಸಪ್ಲಿಮೆಂಟ್ ತಗೊಂಡೆ, ಅದರಲ್ಲಿ ಏನಿದೆ ಅಂತ ವಿಚಾರಿಸಲಿಲ್ಲ ಅಂತ ಪತ್ರಕರ್ತರ ಮುಂದೆ ಹೇಳಿ ಕ್ಷಮೆ ಕೇಳಿದರು. ಒಂದು ವರ್ಷದ ಶಿಕ್ಷೆ ಬಿತ್ತು. ಮೇಲ್ಮನವಿ ಫಲ ಕೊಡಲಿಲ್ಲ. ಫ್ಲಾರಿಡಾ ಬಿಟ್ಟು ವೆಸ್ಟ್ ವರ್ಜೀನಿಯಾಕ್ಕೆ ಹೋಗಿ 2017 ಮತ್ತು 2018ರಲ್ಲಿ ಆಡಿದರು. ಇದನ್ನು 'ಗ್ರಿಯರ್ ಒಂದು ವರ್ಷ ಅಮಾನತು' ಅಂತ ಬರೆದರೆ, ಏನೋ ವಿಚಾರಣೆ ನಡೀತಿದೆ, ಮುಗಿದ ಮೇಲೆ ಸರಿಹೋಗುತ್ತದೆ ಅನ್ನುವ ಹಾಗೆ ಕೇಳುವುದಿಲ್ವಾ?

ಹಾಗಾದರೆ ಏನನ್ನಬೇಕು? 'ನಿಷೇಧ' ಅರ್ಥಕ್ಕೆ ಹತ್ತಿರ. ಆದರೆ ಅದು ಸಂಘಟನೆಗೆ, ಪುಸ್ತಕಕ್ಕೆ, ಪ್ಲಾಸ್ಟಿಕ್‌ಗೆ ಹಾಕುವ ಮಾತು. ಕಾಲೇಜು ಹುಡುಗನ ಮೇಲೆ ಹಾಕಿದರೆ ಭಾರ ಜಾಸ್ತಿ ಆಯಿತು ಅನ್ನಿಸುತ್ತದೆ. 'ಅನರ್ಹ' ಅಂದರೆ ಯೋಗ್ಯತೆಯೇ ಇಲ್ಲ ಅನ್ನುವ ಧ್ವನಿ. 'ವಜಾ' ಬೇರೆಯದೇ ಶಿಕ್ಷೆ, ತಂಡದಿಂದಲೇ ತೆಗೆದುಹಾಕುವುದು. 2012ರ ಆಗಸ್ಟ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ತಂಡ ತನ್ನ ಆಟಗಾರ ಟೈರನ್ ಮ್ಯಾಥ್ಯೂ ಅವರನ್ನು ತೆಗೆದಾಗ ಆದದ್ದು ಅದು.

ನನಗೆ ಹೊಳೆದದ್ದು 'ಡಿಬಾರ್'. ನಮ್ಮಲ್ಲಿ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿ ತನಕ ಪರೀಕ್ಷೆ ಬರೆದ ಯಾರಿಗೂ ಈ ಮಾತಿನ ಅರ್ಥ ಹೇಳಬೇಕಾಗಿಲ್ಲ. ಸ್ಕ್ವಾಡ್ ಬಂತು, ಚೀಟಿ ಸಿಕ್ಕಿತು, ಹುಡುಗ ಡಿಬಾರ್ ಆದ. ಅವನು ಕಾಲೇಜಿನಲ್ಲೇ ಇರುತ್ತಾನೆ, ಆದರೆ ಪರೀಕ್ಷೆಗೆ ಕೂರುವಂತಿಲ್ಲ. ಓದುವ ವಯಸ್ಸಿನವರಿಗೇ ಬೀಳುವ, ಅವಧಿ ಗೊತ್ತಿರುವ, ಹೋದ ಅವಕಾಶ ತಿರುಗಿ ಬಾರದ ಶಿಕ್ಷೆ. ಎನ್‌ಸಿಎಎ ಮಾಡುವುದೂ ಇದನ್ನೇ. 'ಒಂದು ಸೀಸನ್ ಡಿಬಾರ್' ಅಂದರೆ ನಮ್ಮೂರ ಓದುಗನಿಗೆ ಥಟ್ಟನೆ ಗೊತ್ತಾಗುತ್ತದೆ.

ಅಳುಕು ಒಂದೇ. ಡಿಬಾರ್ ಅಂದ ಕೂಡಲೇ ಕಾಪಿ ಹೊಡೆದವನ ಚಿತ್ರ ಬರುತ್ತದೆ, ಬೇಕಂತಲೇ ಮಾಡಿದ ಮೋಸ ಅಂತ. ಡ್ರಗ್ ಟೆಸ್ಟ್‌ನಲ್ಲಿ ಬೇಕಂತ ತಗೊಂಡೆಯಾ ಅನ್ನುವುದು ಮೊದಲ ಪ್ರಶ್ನೆ ಅಲ್ಲವೇ ಅಲ್ಲ. ಮೈಯಲ್ಲಿ ಸಿಕ್ಕಿತಾ, ಹೊಣೆ ನಿನ್ನದು, ಅಷ್ಟೇ. 2018ರ ಡಿಸೆಂಬರ್‌ನಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯದ ತಂಡದ ಡೆಕ್ಸ್‌ಟರ್ ಲಾರೆನ್ಸ್, ಬ್ರೇಡನ್ ಗ್ಯಾಲವೇ, ಜಾಕ್ ಜಿಯೆಲ್ಲಾ ಮೂವರ ಮೂತ್ರದಲ್ಲೂ ಓಸ್ಟಾರಿನ್ ಅನ್ನುವ, ಮಾಂಸಖಂಡ ಬೆಳೆಸುವ ಮದ್ದಿನ ಅಂಶ ಕಂಡಿತು. ಅದು ಹೇಗೆ ಬಂತೋ ಗೊತ್ತಿಲ್ಲ ಅಂದರು ಲಾರೆನ್ಸ್. ಆ ವರ್ಷ ಸೆಮಿಫೈನಲ್ ಆಗಿದ್ದ ಕಾಟನ್ ಬೌಲ್ ಪಂದ್ಯ ಇನ್ನೇನು ಎರಡು ದಿನ ಇದೆ ಅನ್ನುವಾಗ ಬಿ ಮಾದರಿಯಲ್ಲೂ, ಅಂದರೆ ಖಚಿತ ಮಾಡಿಕೊಳ್ಳಲು ಎತ್ತಿಟ್ಟ ಎರಡನೇ ಬಾಟಲಿಯಲ್ಲೂ, ಅದೇ ಬಂತು. ಮೂವರೂ ಹೊರಗೆ. ಅವರಿಲ್ಲದೆಯೇ ತಂಡ ಆ ಪಂದ್ಯ ಗೆದ್ದು, 2019ರ ಜನವರಿ 7ರಂದು ಅಲಬಾಮಾವನ್ನು 44–16ರಿಂದ ಸೋಲಿಸಿ ಚಾಂಪಿಯನ್ ಆಯಿತು. ಲಾರೆನ್ಸ್ ಆ ಏಪ್ರಿಲ್‌ನಲ್ಲೇ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋದರು. ಉಳಿದಿಬ್ಬರು ಮುಂದಿನ ಸೀಸನ್ ಕಳೆದುಕೊಂಡರು. ವರ್ಷ ತುಂಬಿದ ಮೇಲೆ ಗ್ಯಾಲವೇ ಅದೇ ಸೀಸನ್ನಿನ ಪ್ಲೇಆಫ್ ಪಂದ್ಯಗಳಿಗೆ ಮರಳಿದರು.

ಮೊದಲ ಬಾಟಲಿಯ, ಅಂದರೆ ಎ ಮಾದರಿಯ ಸುದ್ದಿ ಬಂದು ಬಿ ಮಾದರಿಯ ಫಲಿತಾಂಶ ಬರುವ ತನಕದ ಆ ಕೆಲವು ದಿನ ಇದೆಯಲ್ಲ, ಆಗ ಆಟಗಾರನನ್ನು ಹೊರಗಿಟ್ಟರೆ ಅದಕ್ಕೆ 'ಅಮಾನತು' ಸರಿಯಾದ ಮಾತು. ಅಶ್ವಿನಿ ಅಕ್ಕುಂಜಿ ಅವರ ವಿಷಯದಲ್ಲೂ ಎರಡು ಹಂತಗಳಿದ್ದವು. ಉಡುಪಿ ಜಿಲ್ಲೆಯ ಈ ಓಟಗಾರ್ತಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದಿದ್ದರು. 2011ರಲ್ಲಿ ಸ್ಟೀರಾಯ್ಡ್ ಪತ್ತೆಯಾದ ಮೇಲೆ ಮೊದಲು ಆಟದಿಂದ ದೂರ ಇಟ್ಟರು, ಆಮೇಲೆ ವಿಚಾರಣೆ ಮಾಡಿ ಒಂದು ವರ್ಷದ ಶಿಕ್ಷೆ ಕೊಟ್ಟರು. 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತು ಅನ್ನುವುದು ಅಶ್ವಿನಿ ಅವರ ಮಾತಾಗಿತ್ತು. ಎರಡು ಹಂತಕ್ಕೆ ಎರಡು ಮಾತು ಬೇಕು. ಎರಡಕ್ಕೂ ಅಮಾನತು ಅಂದರೆ ಶಿಕ್ಷೆ ಯಾವಾಗ ಶುರುವಾಯಿತು ಅಂತಲೇ ತಿಳಿಯುವುದಿಲ್ಲ.

'ಮಾದರಿ' ಅನ್ನುವುದೂ ಕೊಂಚ ತೊಡಕು. 'ಎ ಮಾದರಿ ಆಟಗಾರ' ಅಂತ ಯಾರೋ ಬರೆದರೆ ಹೊಗಳಿಕೆ ಅಂತ ಓದಿಕೊಳ್ಳಬಹುದು. 'ಮೂತ್ರದ ಮಾದರಿ' ಅಂತ ಪೂರ್ತಿ ಬರೆದರೆ ಸಾಕು, ನಾಚಿಕೆ ಪಡಬೇಕಾಗಿಲ್ಲ. ಆ ಪರೀಕ್ಷೆ ಇರುವುದೇ ಹಾಗೆ. ಹುಡುಗ ಮೂತ್ರ ಕೊಡುವಾಗ ಸಿಬ್ಬಂದಿಯೊಬ್ಬರು ಹತ್ತಿರವೇ ನಿಂತು ನೋಡುತ್ತಿರುತ್ತಾರೆ, ಬೇರೆಯವರದ್ದನ್ನು ತಂದು ಕೊಡದಿರಲಿ ಅಂತ. ಅದನ್ನು ಎರಡು ಬಾಟಲಿಗೆ ಹಂಚಿ ಸೀಲ್ ಮಾಡುತ್ತಾರೆ. ಹೀಗೆ ನೋಡುವುದು ಸರಿಯಲ್ಲ ಅಂತ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಕೋರ್ಟಿಗೆ ಹೋಗಿದ್ದರು. 1994ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಎನ್‌ಸಿಎಎ ಪರವಾಗಿ ತೀರ್ಪು ಕೊಟ್ಟಿತು.

ಇನ್ನು 'ಡ್ರಗ್'. ಇದು ನನ್ನನ್ನು ಹೆಚ್ಚು ಕಾಡುತ್ತಿರುವ ಪದ. ಕನ್ನಡದಲ್ಲಿ 'ಡ್ರಗ್ಸ್' ಅಂದರೆ ಪೊಲೀಸ್ ಕೇಸು, ಪಾರ್ಟಿ, ಜೈಲು. ಓಸ್ಟಾರಿನ್ ನಶೆ ಏರಿಸುವುದಿಲ್ಲ. 'ಡ್ರಗ್ಸ್ ಸೇವಿಸಿ ಸಿಕ್ಕಿಬಿದ್ದ' ಅಂತ ಶೀರ್ಷಿಕೆ ಕೊಟ್ಟರೆ ಇಪ್ಪತ್ತರ ಹುಡುಗನ ಹೆಸರು ಸುಮ್ನೆ ಕೆಡುತ್ತದೆ. ಪತ್ರಿಕೆಗಳು ರೂಢಿಗೆ ತಂದ 'ಉದ್ದೀಪನ ಮದ್ದು' ಇದಕ್ಕಿಂತ ಎಷ್ಟೋ ಮೇಲು. ಮಾಂಸಖಂಡ ಬೆಳೆಸುವ ಮದ್ದನ್ನು ಉದ್ದೀಪನ ಅನ್ನುವುದು ಪೂರ್ತಿ ಸರಿಯಲ್ಲ, ಆದರೂ ಜನ ಒಪ್ಪಿದ್ದಾರೆ, ಇರಲಿ. 'ಮದ್ದು' ಮಾತ್ರ ನನಗೆ ತುಂಬಾ ಇಷ್ಟ. ಔಷಧಿಯೂ ಮದ್ದೇ, ಊಟದಲ್ಲಿ ಗೊತ್ತಿಲ್ಲದ ಹಾಗೆ ಹಾಕಿಬಿಡುವುದೂ ಮದ್ದೇ. ಆಟಗಾರರು ಹೇಳುವ ಎರಡೂ ಕಥೆಗೆ ಅದರಲ್ಲಿ ಜಾಗ ಇದೆ.

1987ರ ಜನವರಿ 1ರಂದು ನಡೆದ, ಸೀಸನ್ ಕೊನೆಯ ಆರೆಂಜ್ ಬೌಲ್ ಪಂದ್ಯದಲ್ಲಿ ಆಡದಂತೆ ಓಕ್ಲಹೋಮಾ ವಿಶ್ವವಿದ್ಯಾಲಯದ ಆಟಗಾರ ಬ್ರಯನ್ ಬಾಸ್ವರ್ಥ್ ಅವರನ್ನು ತಡೆದದ್ದು ಸ್ಟೀರಾಯ್ಡ್‌ಗಾಗಿ. ಎನ್‌ಸಿಎಎ ಪರೀಕ್ಷೆ ಶುರು ಮಾಡಿದ ಮೊದಲ ಸೀಸನ್ ಅದು. ಗಾಯಕ್ಕೆ ಡಾಕ್ಟರ್ ಬರೆದುಕೊಟ್ಟದ್ದು ಅಂತ ಅವರು ಹೇಳಿದ್ದರು. ಅಲ್ಲೂ ಉದ್ದೀಪನ ಮದ್ದು ಅನ್ನಬಹುದು. ಗಾಂಜಾಕ್ಕೆ ಅನ್ನಬಾರದು. ಗಾಂಜಾದಿಂದ ಯಾರೂ ಜಾಸ್ತಿ ಬಲವಾಗಿ ಓಡುವುದಿಲ್ಲ. ನಿಯಮವೂ ಅದನ್ನು ಬೇರೆಯಾಗಿಯೇ ನೋಡುತ್ತಾ ಬಂದಿದೆ. 2014ರಲ್ಲಿ ಅದರ ಶಿಕ್ಷೆಯನ್ನು ಅರ್ಧ ಸೀಸನ್‌ಗೆ ಇಳಿಸಿದರು. 2022ರಲ್ಲಿ ಮೂತ್ರದಲ್ಲಿ ಇರಬಹುದಾದ ಮಿತಿಯನ್ನು ಮಿಲಿಲೀಟರಿಗೆ 35ರಿಂದ 150 ನ್ಯಾನೋಗ್ರಾಂಗೆ ಏರಿಸಿದರು. 2024ರ ಜೂನ್‌ನಲ್ಲಿ ಮೊದಲ ಡಿವಿಷನ್‌ಗೆ, ಅಂದರೆ ಕಾಲೇಜು ಕ್ರೀಡೆಯ ಮೇಲಿನ ದರ್ಜೆಗೆ, ಗಾಂಜಾವನ್ನು ನಿಷೇಧಿತ ಪಟ್ಟಿಯಿಂದಲೇ ತೆಗೆದರು. ಕಾಲೇಜುಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದು, ಅದು ಬೇರೆ ಮಾತು.

ಕಾಲೇಜೇ ಶಿಕ್ಷೆ ಕೊಟ್ಟಾಗ ಕೋಚ್ ಹೇಳುವುದು ಬಹಳ ಸಲ ಒಂದೇ ಸಾಲು: ತಂಡದ ನಿಯಮ ಮುರಿದಿದ್ದಾನೆ. ತಡವಾಗಿ ಬಂದದ್ದೋ, ಜಗಳವೋ, ಗಾಂಜಾವೋ ಹೇಳುವುದಿಲ್ಲ. ನಾವು ಬರೆಯುವಾಗಲೂ ಅಷ್ಟನ್ನೇ ಬರೆಯಬೇಕು, ಊಹಿಸಿ 'ಮಾದಕ ವ್ಯಸನಿ' ಅಂತ ಸೇರಿಸಬಾರದು. ಹಾಗೆಯೇ 'ಸಿಕ್ಕಿಬಿದ್ದ' ಬದಲು 'ಮದ್ದಿನ ಅಂಶ ಪತ್ತೆಯಾಗಿದೆ' ಅನ್ನೋಣ. ಪರೀಕ್ಷೆ ಹೇಳುವುದೂ ಅಷ್ಟನ್ನೇ.

ಈಗ ನನ್ನ ಪ್ರಶ್ನೆಗಳು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದೀರಿ ಅಂತ ಗೊತ್ತು. ಹಾಜರಾತಿ ಕಡಿಮೆ ಆಗಿ ಪರೀಕ್ಷೆಗೆ ಕೂರಿಸದೇ ಇದ್ದಾಗಲೂ ನೀವು ಡಿಬಾರ್ ಅಂತಲೇ ಅನ್ನುತ್ತೀರಾ? ಹೌದಾದರೆ ಮೋಸದ ಧ್ವನಿ ಅಷ್ಟು ಗಟ್ಟಿಯಲ್ಲ ಅಂತಾಯಿತು, ನಾನು ಧೈರ್ಯವಾಗಿ ಬಳಸುತ್ತೇನೆ. ಇನ್ನೊಂದು, ಕಬಡ್ಡಿ, ಕುಸ್ತಿ ಕಣಗಳಲ್ಲಿ ಒಬ್ಬನನ್ನು ಒಂದು ಸೀಸನ್ ಆಡಿಸದೇ ಇಡುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಉತ್ತರ ಕರ್ನಾಟಕದ ಗರಡಿಗಳಲ್ಲಿ ಬೆಳೆದವರು ದಯವಿಟ್ಟು ಹೇಳಿ.