ಬಿಪಿ ಇಳಿಯಿತು ಅಂತ ಬಿಟ್ಟುಬಿಡಬೇಡ ಮಗಳೇ

ಮಗಳೇ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಎಂಟನೇ ತಿಂಗಳಲ್ಲಿ ಬಿಪಿ ಏರಿತ್ತು, ಹೆರಿಗೆ ಆದ ಮೇಲೆ ಇಳಿದಿದೆ, ಮಾತ್ರೆಯೂ ನಿಲ್ಲಿಸಿದ್ದಾರೆ, ಇನ್ನೂ ಹೆದರಬೇಕಾ ದೊಡ್ಡಮ್ಮಾ ಅಂತ ಕೇಳಿದ್ದೀಯಲ್ಲ. ಹೆದರಬೇಡ. ಆದರೆ ಇಳಿಯಿತು ಅಂತ ಸುಮ್ನೆ ಬಿಟ್ಟುಬಿಡಬೇಡ.

ಪೆರ್ಲದ ಚಿಕ್ಕಮ್ಮನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಎರಡನೇ ಹೆರಿಗೆಯ ಮೊದಲು ಅವಳ ಮುಖ, ಕೈ ಎಲ್ಲ ಬಾತು ಬಳೆ ತೆಗೆಯಲಿಕ್ಕೇ ಆಗಲಿಲ್ಲ, ಸೋಪು ಹಚ್ಚಿ ಎಳೆದದ್ದು ನಾನೇ. ಬಿಪಿ 170 ದಾಟಿತ್ತು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಮಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಬಾಣಂತನ ಮುಗಿಯುವಾಗ ಬಿಪಿ ಸರಿಯಾಯಿತು, ಅಲ್ಲಿಗೆ ಎಲ್ಲರೂ ಮರೆತರು. ಅದೇ ಮಗು ಪ್ಲಸ್ ಟು ಓದುವಾಗ ಒಂದು ಬೆಳಿಗ್ಗೆ ಇವಳು ಹೆರೆಮಣೆಯಲ್ಲಿ ಕೂತು ಕಾಯಿ ಹೆರೆಯುತ್ತಿದ್ದವಳು ಬೆವರಿ ಒದ್ದೆಯಾದಳು, ದವಡೆ ನೋಯುತ್ತದೆ ಅಂದಳು. ಗ್ಯಾಸ್ಟ್ರಿಕ್ ಅಂತ ಅವಳ ಮನೆಯವರು ಓಮದ ನೀರು ಕುಡಿಸಿದರು! ಮಂಗಳೂರು ಮುಟ್ಟುವಾಗ ಸಂಜೆ. ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿದರು, ದೇವರ ದಯೆ, ಉಳಿದಳು. ಬಸುರಿಯಾಗಿದ್ದಾಗ ಬಿಪಿ ಇತ್ತಾ ಅಂತ ಅಲ್ಲಿಯ ಡಾಕ್ಟರ್ ಕೇಳಿದಾಗಲೇ ನಮಗೆ ಅದರ ನೆನಪು. ಹಾಗೆ ಬಿಪಿ ಏರಿ ಪ್ರೋಟೀನ್ ಹೋದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿಯಂತೆ. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಇಳಿಯಿತು ಅಂತ ಬಿಟ್ಟುಬಿಡಬೇಡ.

ಮಗುವಿನ ಚುಚ್ಚುಮದ್ದಿಗೆ ಫೋನ್ ಮಾಡಿ ಮಾಡಿ ನೆನಪಿಸಿದರು, ತಾಯಿಯ ಬಿಪಿ ನೋಡಿಸಿದ್ದೀರಾ ಅಂತ ಒಬ್ಬರೂ ಕೇಳಲಿಲ್ಲ. ಬಂದ ನೆಂಟರೂ ಮಗುವಿನ ಮೂಗು ಯಾರ ಹಾಗೆ ಅಂತ ನೋಡಿದ್ದೇ ನೋಡಿದ್ದು. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಇಲ್ಲಿ ಗೋಡೆಗೆ ಅಂಟಿಸಿದ್ದೆಲ್ಲ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮಂಥ ಹೆಂಗಸರು ಏನನ್ನು ಓದಬೇಕು ಹೇಳು? ಕಾಸರಗೋಡಿನಲ್ಲಿ ಇದನ್ನು ಕೇಳಿ ಕೇಳಿ ಸಾಕಾಯಿತು.

ಅಯ್ಯೋ, ಹೇಳಬೇಕಾದದ್ದೇ ಬಿಟ್ಟುಹೋಯಿತು. ಈಗ ಬಾಣಂತನದಲ್ಲಿ ತಲೆನೋವು ಜೋರಾದರೆ, ಕಣ್ಣು ಮಂಜಾದರೆ, ಎದೆಯ ಕೆಳಗೆ ನೋವು ಬಂದರೆ, ಉಸಿರು ಕಟ್ಟಿದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗು, ಹೆರಿಗೆ ಆದ ಮೇಲೂ ಆರು ವಾರ ಅಪಾಯ ಇರುತ್ತದೆ. ಡಾಕ್ಟರ್ ಹೇಳಿದ ದಿನಕ್ಕೆ ಬಿಪಿ ನೋಡಿಸು, ಆಮೇಲೆ ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಲೇಬೇಕು, ಶುಗರ್, ಕೊಲೆಸ್ಟ್ರಾಲನ್ನೂ ಕೇಳಿ ಮಾಡಿಸು. ಯಾವ ಡಾಕ್ಟರ್ ಹತ್ತಿರ ಹೋದರೂ ಬಸುರಿಯಲ್ಲಿ ಬಿಪಿ ಇತ್ತು ಅಂತ ಅವರು ಕೇಳುವ ಮೊದಲೇ ಹೇಳು. ಇನ್ನೊಂದು ಮಗು ಬೇಕು ಅಂತಾದರೆ ಮೊದಲೇ ತೋರಿಸು, ಕೆಲವರಿಗೆ ಮೂರು ತಿಂಗಳು ತುಂಬುವಾಗ ಸಣ್ಣ ಡೋಸ್ ಆಸ್ಪಿರಿನ್ ಶುರು ಮಾಡುತ್ತಾರೆ, ಆದರೆ ಅದನ್ನು ಅವರು ಬರೆದುಕೊಡದೆ ನುಂಗಬೇಡ.