ದಾಸ್ತಾನು ತುಂಬಿದ್ದರೂ ಕೊರತೆ ನೀಗುತ್ತಿಲ್ಲ: ಯಾಂತ್ರೀಕರಣವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಯಂತ್ರಗಳ ಬಿಡಿಭಾಗಗಳನ್ನು ವಿತರಿಸುವ ಮಧ್ಯಮ ಗಾತ್ರದ ಸಂಸ್ಥೆಯೊಂದರಲ್ಲಿ ಗೋದಾಮಿನ ಉಸ್ತುವಾರಿ ನನ್ನದು. ರ‍್ಯಾಕುಗಳೆಲ್ಲ ತುಂಬಿ, ಹೊಸದಾಗಿ ಬಂದ ಸರಕನ್ನು ಓಡಾಡುವ ದಾರಿಯಲ್ಲೇ ಇಳಿಸಿಕೊಳ್ಳಬೇಕಾದ ಸ್ಥಿತಿ ಬಂದಿದೆ. ಆದರೂ ಗ್ರಾಹಕರು ಕೇಳಿದ ವಸ್ತು ಇಲ್ಲವೆಂದು ಆರ್ಡರುಗಳನ್ನು ಬಾಕಿ ಉಳಿಸಿಕೊಳ್ಳುವುದು ಮಾತ್ರ ತಪ್ಪಿಲ್ಲ. ಇದಕ್ಕೆ ಪರಿಹಾರವೆಂದು ಆಡಳಿತ ಮಂಡಳಿಯು ಸರಕನ್ನು ತಾನಾಗಿ ಜೋಡಿಸಿ ತೆಗೆದುಕೊಡುವ ಯಾಂತ್ರಿಕ ವ್ಯವಸ್ಥೆಯನ್ನೂ, ಬೇಡಿಕೆಯನ್ನು ಮುಂದಾಗಿ ಅಂದಾಜಿಸುವ ತಂತ್ರಾಂಶವನ್ನೂ ಒಟ್ಟಿಗೇ ಕೊಳ್ಳಲು ಯೋಚಿಸುತ್ತಿದೆ. ಎರಡಕ್ಕೂ ದೊಡ್ಡ ಮೊತ್ತ ಬೇಕು. ಮೊದಲು ಯಾವುದಕ್ಕೆ ಕೈಹಾಕಬೇಕು, ಅದಕ್ಕೂ ಮುನ್ನ ನಮ್ಮ ಕಡೆಯಿಂದ ಯಾವ ಸಿದ್ಧತೆ ಆಗಿರಬೇಕು ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಎರಡಕ್ಕೂ ಮೊದಲು ನಿಮ್ಮ ಲೆಕ್ಕದಲ್ಲಿರುವ ದಾಸ್ತಾನಿಗೂ ರ‍್ಯಾಕಿನಲ್ಲಿರುವ ದಾಸ್ತಾನಿಗೂ ತಾಳೆಯಾಗುತ್ತಿದೆಯೇ ಎಂಬುದನ್ನು ನೋಡಿ. ಹೆಚ್ಚುವರಿ ಮತ್ತು ಕೊರತೆ ಒಂದೇ ಗೋದಾಮಿನಲ್ಲಿ ಒಟ್ಟಿಗೆ ಕಾಣಿಸಿಕೊಂಡಾಗ ನನಗೆ ಮೊದಲು ಅನುಮಾನ ಬರುವುದು ಅಲ್ಲಿಯೇ. ಒಂದು ಉದಾಹರಣೆ ಕೊಡುತ್ತೇನೆ. ಖರೀದಿ ಆರ್ಡರಿನಲ್ಲಿ ಅಳತೆ ಪೆಟ್ಟಿಗೆಗಳ ಲೆಕ್ಕದಲ್ಲಿರುತ್ತದೆ, ಮಾರಾಟ ಬಿಡಿ ಲೆಕ್ಕದಲ್ಲಿ ನಡೆಯುತ್ತದೆ. 12 ಬಿಡಿಗಳಿರುವ 10 ಪೆಟ್ಟಿಗೆಗಳು ಬಂದಾಗ ಸರಕು ಸ್ವೀಕರಿಸುವವರು 10 ಎಂದಷ್ಟೇ ನಮೂದಿಸಿದರೆ, ರ‍್ಯಾಕಿನಲ್ಲಿ 120 ಇದ್ದರೂ ಕಂಪ್ಯೂಟರ್ 10 ಎಂದೇ ತಿಳಿದು ಮತ್ತೆ ಖರೀದಿಗೆ ಸೂಚಿಸುತ್ತದೆ. ನಿಮ್ಮ ದಾರಿಯಲ್ಲಿ ಇಳಿದಿರುವ ಸರಕಿನಲ್ಲಿ ಇಂಥದ್ದು ಎಷ್ಟಿದೆ ಎಂದು ಒಮ್ಮೆ ಪರಿಶೀಲಿಸಿ.

ಇನ್ನೊಂದು ಬಗೆಯ ತಪ್ಪು ಇನ್ನೂ ಸೂಕ್ಷ್ಮವಾದುದು. 8 ಮಿಲಿಮೀಟರ್ ವ್ಯಾಸದ ಬೋಲ್ಟಿನಲ್ಲಿ 1.25 ಮಿಲಿಮೀಟರ್ ಅಂತರದ ಸಾಮಾನ್ಯ ಮರೆಯೂ (ತಿರುಪಿನ ಸುತ್ತೂ) ಇರುತ್ತದೆ, 1 ಮಿಲಿಮೀಟರ್ ಅಂತರದ ಸಣ್ಣ ಮರೆಯೂ ಇರುತ್ತದೆ. ಅಕ್ಕಪಕ್ಕದ ಬಿನ್‌ಗಳಲ್ಲಿ, ಅಂದರೆ ವಸ್ತುವಿಡುವ ಖಾನೆಗಳಲ್ಲಿ, ಇಟ್ಟರೆ ಕಣ್ಣಿಗೆ ಎರಡೂ ಒಂದೇ. ಒಂದರ ಬದಲು ಇನ್ನೊಂದನ್ನು ತೆಗೆದುಕೊಟ್ಟರೆ ಒಂದು ಬಿನ್‌ನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾಗುತ್ತದೆ. ಒಟ್ಟು ಮೊತ್ತ ಮಾತ್ರ ಸರಿಯಾಗಿಯೇ ಇರುವುದರಿಂದ ವರ್ಷಾಂತ್ಯದ ಎಣಿಕೆಯಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಯಂತ್ರವೂ ಈ ತಪ್ಪನ್ನು ತಿದ್ದಲಾರದು, ತಪ್ಪು ವಸ್ತುವಿರುವ ಬಿನ್ನನ್ನು ಬೇಗನೆ ತಂದುಕೊಡುತ್ತದೆ ಅಷ್ಟೆ.

ವರ್ಷಕ್ಕೊಮ್ಮೆ ಬಾಗಿಲು ಮುಚ್ಚಿ ಎಣಿಸುವ ಬದಲು ಸೈಕಲ್ ಕೌಂಟಿಂಗ್ ಆರಂಭಿಸಿ. ದಿನವೂ ಕೆಲವು ಬಿನ್‌ಗಳನ್ನು, ಹೆಚ್ಚು ಮೌಲ್ಯದ ಮತ್ತು ಹೆಚ್ಚು ಓಡುವ ವಸ್ತುಗಳನ್ನು ಪದೇ ಪದೇ ಎಣಿಸಿರಿ. ವ್ಯತ್ಯಾಸ ಕಂಡಾಗ ಅಂಕಿಯನ್ನು ತಿದ್ದಿ ಸುಮ್ಮನಾಗದೆ ಕಾರಣವನ್ನು ಬರೆದಿಡಿ. ಸ್ವೀಕರಿಸುವಾಗ, ಇಡುವಾಗ, ತೆಗೆಯುವಾಗ, ಮೂರು ಕಡೆಯೂ ಸ್ಕ್ಯಾನ್ ಕಡ್ಡಾಯವಾಗಲಿ. ಅಂಗಡಿಯ ಕೌಂಟರಿನಲ್ಲಿ ಯುಪಿಸಿ ಎಂಬ ಸರಕು ಗುರುತಿನ ಬಾರ್‌ಕೋಡನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಿದ್ದು 1974ರ ಜೂನ್ 26ರಂದು. ಅಷ್ಟು ಹಳೆಯ ತಂತ್ರಜ್ಞಾನವಾದರೂ ಹಾಕಿದ ಹಣಕ್ಕೆ ಅದರಷ್ಟು ಫಲ ಕೊಡುವ ಯಾಂತ್ರೀಕರಣ ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ. ಅದರ ಜೊತೆಗೆ ಬೇಡಿಕೆ ಅಂದಾಜಿಸುವ ತಂತ್ರಾಂಶದಿಂದ ನೀವು ಎಷ್ಟು ನಿರೀಕ್ಷಿಸಬಹುದು ಎಂಬುದನ್ನು ಲೆಕ್ಕ ಹಾಕಿ ತೋರಿಸುವುದು ಒಳಿತು. ಒಂದು ವಸ್ತುವಿಗೆ ದಿನಕ್ಕೆ ಸರಾಸರಿ 100ರಷ್ಟು ಬೇಡಿಕೆಯಿದೆ, ಅದರ ಏರಿಳಿತ, ಅಂದರೆ ಪ್ರಮಾಣಿತ ವಿಚಲನೆ, 20 ಇದೆ ಎಂದಿಟ್ಟುಕೊಳ್ಳಿ. ಆರ್ಡರ್ ಕೊಟ್ಟ ಮೇಲೆ ಸರಕು ಬರಲು ಸರಾಸರಿ 9 ದಿನ ಬೇಕು. ಶೇಕಡ 95ರಷ್ಟು ಸಲ ಕೊರತೆ ಬಾರದಂತೆ ನೋಡಿಕೊಳ್ಳಬೇಕಾದರೆ 1.65ರ ಗುಣಕವನ್ನು ಬಳಸುತ್ತೇವೆ. ಸರಬರಾಜುದಾರರು ಪ್ರತಿ ಸಲವೂ ತಪ್ಪದೆ 9ನೇ ದಿನಕ್ಕೆ ತಲುಪಿಸಿದರೆ 20 ಅನ್ನು 9ರ ವರ್ಗಮೂಲದಿಂದಲೂ 1.65ರಿಂದಲೂ ಗುಣಿಸಿದಾಗ ಬರುವ ಸುಮಾರು 99 ಬಿಡಿಗಳ ಸೇಫ್ಟಿ ಸ್ಟಾಕ್, ಅಂದರೆ ಏರಿಳಿತಕ್ಕೆಂದು ಇಡುವ ಹೆಚ್ಚುವರಿ ದಾಸ್ತಾನು, ಸಾಕು. ಆದರೆ ಆ 9 ದಿನಗಳಲ್ಲೇ 3 ದಿನಗಳ ವಿಚಲನೆ ಇದ್ದರೆ, ಬೇಡಿಕೆಯ ಮತ್ತು ಅವಧಿಯ ಏರಿಳಿತಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಾಗ ಅಗತ್ಯ ಸೇಫ್ಟಿ ಸ್ಟಾಕ್ ಸುಮಾರು 505ಕ್ಕೆ ಏರುತ್ತದೆ.

ಈಗ ಉತ್ತಮ ತಂತ್ರಾಂಶ ಬಂದು ಬೇಡಿಕೆಯ ಅನಿಶ್ಚಿತತೆಯನ್ನು 20ರಿಂದ 10ಕ್ಕೆ ಇಳಿಸಿತು ಎನ್ನೋಣ. ಆಗಲೂ ಸುಮಾರು 497 ಬೇಕಾಗುತ್ತದೆ. ತಂತ್ರಾಂಶವನ್ನು ಮುಟ್ಟದೆ ಸರಬರಾಜಿನ ವಿಚಲನೆಯನ್ನು 3 ದಿನದಿಂದ 1 ದಿನಕ್ಕೆ ಇಳಿಸಿದರೆ ಸಾಕು, ಅದು ಸುಮಾರು 192ಕ್ಕೆ ಬರುತ್ತದೆ. ಎಲ್ಲ ವಸ್ತುಗಳಿಗೂ ಇದೇ ಫಲ ಬರುವುದಿಲ್ಲ, ನಿಧಾನವಾಗಿ ಓಡುವ ಬಿಡಿಭಾಗಗಳಿಗಂತೂ ಈ ಸೂತ್ರವೇ ಅಷ್ಟಾಗಿ ಹೊಂದುವುದಿಲ್ಲ. ಆದರೂ ಮುಖ್ಯವಾದ ಐವತ್ತು ವಸ್ತುಗಳಿಗಾದರೂ ಈ ಲೆಕ್ಕವನ್ನು ಮಾಡಿ ಆಡಳಿತ ಮಂಡಳಿಯ ಮುಂದಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಮ್ಮ ವ್ಯವಸ್ಥೆಯಲ್ಲಿ ಪ್ರತಿ ಸರಬರಾಜುದಾರರ ಎದುರಿಗೂ ಒಂದೇ ನಿಶ್ಚಿತ ಅವಧಿಯನ್ನು ನಮೂದಿಸಲಾಗಿದೆ, ನಿಜವಾಗಿ ಎಷ್ಟು ದಿನ ಹಿಡಿಯಿತೆಂದು ಯಾರೂ ಅಳೆಯುತ್ತಿಲ್ಲ. ಅಳೆಯುವುದಾದರೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ?

ಉತ್ತರ 3

ಖರೀದಿ ಆರ್ಡರ್ ಹೊರಟ ದಿನದಿಂದ, ಸರಕು ಬಿನ್ ಸೇರಿ ಮಾರಾಟಕ್ಕೆ ಸಿಗುವ ದಿನದವರೆಗೆ ಅಳೆಯಿರಿ. ಗೇಟಿಗೆ ಬಂದ ದಿನಾಂಕವನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ. ಹಲವು ಕಡೆ ವಿಳಂಬಕ್ಕೆ ಸರಬರಾಜುದಾರರನ್ನು ದೂರುತ್ತಿರುವಾಗಲೇ, ಇನ್‌ವಾಯ್ಸ್ ಹೊಂದಾಣಿಕೆಯಾಗದೆಯೋ ಗುಣಮಟ್ಟ ಪರೀಕ್ಷೆ ಮುಗಿಯದೆಯೋ ಸರಕು ಸ್ವೀಕೃತಿ ವಿಭಾಗದಲ್ಲೇ ಬಿದ್ದಿರುತ್ತದೆ.

ಇನ್ನೊಂದು ಎಚ್ಚರಿಕೆ. ಕೊರತೆಯ ಭಯದಿಂದ ಬೇಕಾದುದಕ್ಕಿಂತ ಹೆಚ್ಚು ಆರ್ಡರ್ ಕೊಡುವ ಅಭ್ಯಾಸ ನಿಮ್ಮ ಖರೀದಿ ವಿಭಾಗದಲ್ಲಿದ್ದರೆ ಅದನ್ನು ಮೊದಲು ನಿಲ್ಲಿಸಿ. ಗ್ರಾಹಕರ ಬಳಿಯ ಸಣ್ಣ ಏರಿಳಿತ ಸರಪಳಿಯಲ್ಲಿ ಹಿಂದಕ್ಕೆ ಹೋದಂತೆ ದೊಡ್ಡದಾಗುವುದನ್ನು ಅಮೆರಿಕದ ಸಂಶೋಧಕ ಜೇ ಫಾರೆಸ್ಟರ್ 1961ರಲ್ಲೇ ವಿವರಿಸಿದ್ದರು. ಸರಬರಾಜು ಸರಪಳಿಯ ಸಂಶೋಧಕ ಹೌ ಲೀ ಮತ್ತು ಸಂಗಡಿಗರು 1997ರಲ್ಲಿ ಅದಕ್ಕೆ ಕೊಟ್ಟ ನಾಲ್ಕು ಕಾರಣಗಳಲ್ಲಿ ಈ ಭಯದ ಖರೀದಿಯೂ ಒಂದು. ಒಂದೇ ಸಲ ಬಂದ ದೊಡ್ಡ ಆರ್ಡರನ್ನು ಬೇಡಿಕೆಯ ಏರಿಕೆಯೆಂದು ಭಾವಿಸುವ ತಂತ್ರಾಂಶವು ಈ ದೋಷವನ್ನು ಮನುಷ್ಯರಿಗಿಂತ ವೇಗವಾಗಿ ಮಾಡುತ್ತದೆ. ಆದ್ದರಿಂದ ಅಂಥ ಆರ್ಡರುಗಳನ್ನು ಬೇರ್ಪಡಿಸಿ ಗುರುತಿಸುವ ಕ್ರಮ ಮೊದಲೇ ಇರಬೇಕು.

ಸರಕನ್ನು ತಾನಾಗಿ ತೆಗೆದುಕೊಡುವ ವ್ಯವಸ್ಥೆಯಿಂದ ಜಾಗ ಉಳಿಯುತ್ತದೆ, ಕೆಲಸಗಾರರ ನಡಿಗೆ ತಪ್ಪುತ್ತದೆ. ಆರ್ಡರಿಗೆ ಸರಕು ತೆಗೆಯುವ ಸಮಯದ ದೊಡ್ಡ ಪಾಲು ನಡಿಗೆಯಲ್ಲೇ ಹೋಗುವುದರಿಂದ ಅದು ಸಣ್ಣ ಲಾಭವೇನಲ್ಲ. ಆದರೆ ನಿಮ್ಮ ಈಗಿನ ತೊಂದರೆ ಅದಲ್ಲ. ಅಂಥ ವ್ಯವಸ್ಥೆಯಲ್ಲಿ ಅಪಾಯವೂ ಇದೆ. ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣದ ಸ್ವಯಂಚಾಲಿತ ಸಾಮಾನು ಸಾಗಣೆ ವ್ಯವಸ್ಥೆ ಸರಿಹೋಗದ ಕಾರಣ, 1993ರಲ್ಲಿ ತೆರೆಯಬೇಕಿದ್ದ ನಿಲ್ದಾಣ 1995ರ ಫೆಬ್ರವರಿಯಲ್ಲಿ ತೆರೆಯಿತು. 2005ರಲ್ಲಿ ಆ ವ್ಯವಸ್ಥೆಯನ್ನೇ ಕೈಬಿಡಲಾಯಿತು. ಖಾಲಿ ಬಂಡಿಗಳು ಬೇಕಾದ ಸ್ಥಳಕ್ಕೆ ಬೇಕಾದ ಹೊತ್ತಿಗೆ ತಲುಪುವಂತೆ ಮಾಡುವುದು ಅಲ್ಲಿನ ಕಠಿಣ ಸಮಸ್ಯೆಗಳಲ್ಲಿ ಒಂದಾಗಿತ್ತು. ಹಾಗಾಗಿ ನೀವು ಮುಂದೆ ಯಂತ್ರ ಕೊಳ್ಳುವಾಗ ಸರಾಸರಿ ದಿನದ ಪ್ರದರ್ಶನಕ್ಕೆ ತೃಪ್ತರಾಗದೆ, ನಿಮ್ಮದೇ ಅತಿ ಒತ್ತಡದ ದಿನಗಳ ಆರ್ಡರುಗಳನ್ನು ಕೊಟ್ಟು ಗಣಕ ಮಾದರಿಯಲ್ಲಿ ಓಡಿಸಿ ತೋರಿಸುವಂತೆ ಕೇಳಿ. ಯಂತ್ರ ನಿಂತ ಹೊತ್ತಿನಲ್ಲಿ ಕೈಯಿಂದ ಸರಕು ತೆಗೆಯುವ ದಾರಿ ಯಾವುದೆಂಬುದನ್ನೂ ಒಪ್ಪಂದದಲ್ಲೇ ಬರೆಯಿಸಿಕೊಳ್ಳಿ.