ಶನಿವಾರದ ಬೆಳಗಿನ ಶಾಲೆ ಬಿಡಬಹುದೇ? ಮಾಡಿ ನೋಡಿದವರು ತಿಳಿಸಿ

ಆಡಳಿತ ಮಂಡಳಿ ಸದಸ್ಯ, ಹಾಸನ ಜಿಲ್ಲೆ: ನಮ್ಮದು ಎಂಟನೆಯ ತರಗತಿಯವರೆಗಿನ ಅನುದಾನರಹಿತ ಶಾಲೆ. ಮುಂದಿನ ವರ್ಷದಿಂದ ಶನಿವಾರ ಮಕ್ಕಳಿಗೂ ಸಿಬ್ಬಂದಿಗೂ ರಜೆ ಕೊಟ್ಟು, ಉಳಿದ ಐದು ದಿನ ಮುಕ್ಕಾಲು ಗಂಟೆ ಹೆಚ್ಚಿಸುವ ಯೋಚನೆಯಿದೆ. ಅನುಭವವಿದ್ದವರು ದಯವಿಟ್ಟು ಹಂಚಿಕೊಳ್ಳಿ.

ನಿವೃತ್ತ ಮುಖ್ಯ ಶಿಕ್ಷಕಿ, ತೀರ್ಥಹಳ್ಳಿ: ಎರಡು ವರ್ಷ ನಡೆಸಿ ಕೈಬಿಟ್ಟವಳು ನಾನು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಆರರಿಂದ ಎಂಟನೆಯ ತರಗತಿಗೆ 220 ದಿನ, 1000 ಗಂಟೆ ಆಗಬೇಕು. ಗಂಟೆ ಹೇಗೋ ಹೊಂದುತ್ತದೆ, ದಿನ ಹೊಂದುವುದಿಲ್ಲ. ವಾರಕ್ಕೆ ಐದರಂತೆ 44 ವಾರ ಒಂದು ಹಬ್ಬವನ್ನೂ ಮಾಡದೆ ಶಾಲೆ ನಡೆಸಿದರೆ ಮಾತ್ರ 220 ಆಗುತ್ತದೆ. ನಮ್ಮಲ್ಲಿ ಜುಲೈ ಒಂದರಲ್ಲೇ ಒಂಬತ್ತು ದಿನ ಮಳೆ ರಜೆ ಬಂತು. ಕೊರತೆ ತುಂಬಲು ಹನ್ನೊಂದು ಶನಿವಾರ ಶಾಲೆ ತೆರೆದೆವು. ಐದು ದಿನಕ್ಕೆಂದು ಮಾತಾಡಿದ್ದ ವ್ಯಾನಿನವರು ಶನಿವಾರಕ್ಕೆ ತಲಾ 1,800 ರೂಪಾಯಿ ಹೆಚ್ಚಿಗೆ ಕೇಳಿದರು. ಮೂರು ವ್ಯಾನಿಗೆ 59,400 ರೂಪಾಯಿ ತೆತ್ತೆವು. ನಾಲ್ಕು ಗಂಟೆಯ ಮೇಲೆ ಒಂದನೆಯ ತರಗತಿಯ ಮಕ್ಕಳು ಡೆಸ್ಕಿನ ಮೇಲೆ ಕೆನ್ನೆಯಿಟ್ಟು ನಿದ್ದೆಹೋಗುತ್ತಿದ್ದರು.

ಗಣಿತ ಶಿಕ್ಷಕ, ಬೆಂಗಳೂರು: ಮೇಡಂ, ತಪ್ಪು ನಿಮ್ಮ ವೇಳಾಪಟ್ಟಿಯದು, ಐದು ದಿನದ ವಾರದ್ದಲ್ಲ. ನಾವು ಕೊನೆಯ ಅವಧಿಯನ್ನು ಆಟಕ್ಕೆ ಬಿಟ್ಟೆವು, ದಸರಾ ರಜೆ ಕಡಿತಗೊಳಿಸಿ ದಿನ ಹೊಂದಿಸಿದೆವು. ಅದೇ ಕಾಯ್ದೆ ಶಿಕ್ಷಕರಿಗೆ ಪೂರ್ವಸಿದ್ಧತೆಯೂ ಸೇರಿ ವಾರಕ್ಕೆ 45 ಗಂಟೆ ಎನ್ನುತ್ತದೆ. ನಾನು ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಉತ್ತರ ಪತ್ರಿಕೆ ತಿದ್ದಿದ್ದನ್ನು ಯಾರು ಲೆಕ್ಕ ಹಿಡಿದಿದ್ದರು? ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಭಾನುವಾರ ನನಗೆ ಭಾನುವಾರವಾಗಿ ಸಿಕ್ಕಿದೆ.

ಸರ್ಕಾರಿ ಶಾಲೆಯ ಶಿಕ್ಷಕಿ, ಯಾದಗಿರಿ ಜಿಲ್ಲೆ: ನೀವಿಬ್ಬರೂ ವ್ಯಾನು, ವೇಳಾಪಟ್ಟಿ ಎನ್ನುತ್ತಿದ್ದೀರಿ. ನಮ್ಮಲ್ಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದೇವೆ. ಶನಿವಾರ ತೆಗೆದರೆ ಒಂದು ಊಟ, ಒಂದು ಮೊಟ್ಟೆ ಎರಡೂ ಹೋದವು. ಸಾಲು ಸಾಲು ರಜೆ ಬಂದಾಗ ತಟ್ಟೆ ತೊಳೆಯುತ್ತಲೇ "ನಾಳೆ ಸಾಲಿ ಐತೇನ್ರಿ ಟೀಚರ್?" ಎಂದು ಕೇಳುವ ಹುಡುಗಿಗೆ ನಾನು ಉತ್ತರಿಸಬೇಕು.

ಗಣಿತ ಶಿಕ್ಷಕ, ಬೆಂಗಳೂರು: ಕೇಳಿದವರದು ಅನುದಾನರಹಿತ ಶಾಲೆ, ಅಲ್ಲಿ ಬಿಸಿಯೂಟವೇ ಇಲ್ಲ.

ನಿವೃತ್ತ ಮುಖ್ಯ ಶಿಕ್ಷಕಿ, ತೀರ್ಥಹಳ್ಳಿ: ದಸರಾ ರಜೆ ಕಡಿತಗೊಳಿಸಿದೆವೆಂದು ಹೆಮ್ಮೆಪಡಬೇಡಿ. ನಮ್ಮ ಮಕ್ಕಳು ಅಜ್ಜನ ಮನೆ ನೋಡುವುದೇ ಆಗ. ಹಾಸನದವರೇ, ಮೊದಲು ಕ್ಯಾಲೆಂಡರ್ ಹರಡಿಕೊಂಡು ದಿನ ಎಣಿಸಿ; ವ್ಯಾನಿನವರೊಂದಿಗೆ ಶನಿವಾರದ ಬಾಡಿಗೆಯನ್ನು ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ.